ಮೆಟ್ಟಲು ಕಳೆದುಕೊಂಡ ನ್ಯಾಯಸ್ಥಾನ

ವ್ಯಾಜ್ಯಕ್ಕೆ ನಿಂತವನನ್ನು ಕುರಿತು ಕನ್ನಡಿಗರು "ಕೋರ್ಟಿನ ಮೆಟ್ಟಲು ಹತ್ತಿದನು" ಎನ್ನುವರು. ದಾವೆ ಹೂಡಿದನು ಎಂಬುದು ವಕೀಲರ ಮಾತು. ಮೆಟ್ಟಲು ಹತ್ತಿದನು ಎಂಬುದು ಜನದ ಮಾತು. ಆ ಮಾತಿನಲ್ಲಿ ಅರ್ಧ ಭಯವೂ ಅರ್ಧ ಗೌರವವೂ ಬೆರೆತಿರುವುವು. "ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆಯನ್ನು ಬಲ್ಲವನೂ ಕಡೆಗೊಂದು ದಿನ ಬೇರೆ ದಾರಿ ಕಾಣದೆ, ಕಾಗದಪತ್ರಗಳ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಆ ಮೆಟ್ಟಲುಗಳ ಮುಂದೆ ನಿಲ್ಲುವನು. ಈ ನುಡಿಯನ್ನು ಬಳಕೆಗೆ ತಂದವರು ವಾಸ್ತುಶಾಸ್ತ್ರವನ್ನು ಓದಿದವರಲ್ಲ. ಆದರೂ ನ್ಯಾಯಸ್ಥಾನವೆಂಬ ಕಟ್ಟಡದ ಮರ್ಮವನ್ನು ಅವರು ಸರಿಯಾಗಿಯೇ ಹಿಡಿದಿರುವರು. ಬೀದಿಯಲ್ಲಿ ನಡೆಯುವ ಮನುಷ್ಯನು ವಾದಿಯೋ ಪ್ರತಿವಾದಿಯೋ ಸಾಕ್ಷಿಯೋ ಆಗಿ ಮಾರ್ಪಡುವ ಎಡೆಯೇ ಆ ಮೆಟ್ಟಲು. ಅಲ್ಲಿ ಕಟ್ಟಡವು ಆತನನ್ನು ಹೇಗೆ ಬರಮಾಡಿಕೊಳ್ಳುವುದು, ಆತನೊಡನೆ ಏನನ್ನು ನುಡಿಯುವುದು ಎಂಬುದನ್ನು ನೋಡದೆ ಅದರ ಗುಣದೋಷಗಳನ್ನು ತೂಗಲು ಸಾಧ್ಯವಿಲ್ಲ.

ಇಂತಹ ತೂಕಕ್ಕೆ ಒಡ್ಡಲು ತಕ್ಕ ಕಟ್ಟಡವೊಂದು ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ, ಪಿಟ್ಸ್‌ಬರ್ಗ್ ನಗರದಲ್ಲಿರುವುದು. ಅಲೆಗೆನಿ ಕೌಂಟಿಯ ನ್ಯಾಯಮಂದಿರವೆಂದು ಅದರ ಹೆಸರು. ಕೌಂಟಿಯೆಂದರೆ ಇಲ್ಲಿಯ ಜಿಲ್ಲೆಗೆ ಸಮೀಪವಾದ ಆಡಳಿತ ವಿಭಾಗ. 1884ರಲ್ಲಿ ಆರಂಭವಾಗಿ 1888ರಲ್ಲಿ ಮುಗಿದ ಈ ಕಟ್ಟಡವನ್ನು ಆ ದೇಶದ ವಾಸ್ತುಕಲೆಯ ಚರಿತ್ರೆಯನ್ನು ಬರೆದವರು ಬಹುವಾಗಿ ಕೊಂಡಾಡಿರುವರು. ಕೊಂಡಾಟಕ್ಕೆ ಅದು ಪಾತ್ರವೂ ಹೌದು. ಆದರೆ ಅದರ ಬಾಳಿನಲ್ಲಿ ಒಂದು ವೈಚಿತ್ರ್ಯವುಂಟು. ಬೆಂಕಿ ತಗಲಲಿಲ್ಲ, ಭೂಮಿ ನಡುಗಲಿಲ್ಲ, ಗೋಡೆ ಬೀಳಲಿಲ್ಲ. ಆದರೂ ಆ ನ್ಯಾಯಸ್ಥಾನವು ತನ್ನ ಬಾಗಿಲನ್ನೂ ಮೆಟ್ಟಲನ್ನೂ ಕಳೆದುಕೊಂಡಿತು. ಅದು ಹೇಗೆ ನಡೆಯಿತು, ಅದರಿಂದ ಹೋದುದೇನು, ಉಳಿದುದೇನು ಎಂಬುದನ್ನು ವಿಚಾರಿಸುವುದು ಕಲ್ಲುಮಣ್ಣಿನ ಲೆಕ್ಕವಷ್ಟೇ ಆಗಲಾರದು.

ಅಲೆಗೆನಿ, ಮನಾಂಗಹೀಲಾ ಎಂಬ ಎರಡು ನದಿಗಳು ಕೂಡಿ ಒಹೈಯೊ ಎಂಬ ಮಹಾನದಿಯಾಗುವ ಎಡೆಯಲ್ಲಿ ಪಿಟ್ಸ್‌ಬರ್ಗ್ ನೆಲಸಿರುವುದು. ಸಂಗಮವೆಂದ ಕೂಡಲೆ ಕನ್ನಡಿಗನ ಮನಸ್ಸು ಕೃಷ್ಣೆ ಮಲಾಪಹಾರಿಗಳ ಕಡೆಗೆ ಹೋಗುವುದು. ಆದರೆ ಇದು ತೀರ್ಥದ ಸಂಗಮವಲ್ಲ. ಕಲ್ಲಿದ್ದಲು ಕಬ್ಬಿಣಗಳ ಸಂಗಮ. 1788ರಲ್ಲಿ ಕೌಂಟಿಯು ರಚಿತವಾದಾಗ ಅದು ಗಡಿನಾಡಿನ ಒಂದು ಸಣ್ಣ ಊರು. ಸಂತೆಯ ಚೌಕದಲ್ಲಿ ಕಟ್ಟಿದ ಮನೆಯೊಂದು ಅಲ್ಲಿಯ ಮೊದಲನೆಯ ನ್ಯಾಯಮಂದಿರವಾಯಿತು. ಊರು ಬೆಳೆದಂತೆ ನ್ಯಾಯಾಸನಕ್ಕೆ ಎತ್ತರದ ತಾಣವು ಬೇಕಾಗಿ, ಊರಂಚಿನ ಗ್ರಾಂಟನ ಗುಡ್ಡವನ್ನು ಆರಿಸಿಕೊಂಡರು. 1758ರಲ್ಲಿ ಫ್ರೆಂಚರೂ ಅವರ ಕಡೆಯ ಮೂಲನಿವಾಸಿಗಳೂ ಕೂಡಿ ಮೇಜರ್ ಗ್ರಾಂಟನೆಂಬ ಬ್ರಿಟಿಷ್ ದಳಪತಿಯನ್ನು ಸೋಲಿಸಿದ ಗುಡ್ಡವದು. ಅದರ ಮೇಲೆ ಜಾನ್ ಚಿಸ್ಲೆಟ್ ಎಂಬ ಸ್ಥಪತಿಯು 1836ರಿಂದ 1841ರ ವರೆಗೆ ಗ್ರೀಕ್ ರೀತಿಯ ಕಂಬಸಾಲನ್ನೂ ನೆತ್ತಿಯ ಮೇಲೆ ಗುಮ್ಮಟವನ್ನೂ ಉಳ್ಳ ಎರಡನೆಯ ನ್ಯಾಯಮಂದಿರವನ್ನು ನಿಲ್ಲಿಸಿದನು.

ಆ ಕಟ್ಟಡದ ಗತಿಯೇ ಮುಂದಿನದಕ್ಕೆ ಪಾಠವಾಯಿತು. ಅದನ್ನು ಕಟ್ಟಿದ್ದು ಆ ಪ್ರದೇಶದ ಮರಳುಗಲ್ಲಿನಿಂದ. ಅಷ್ಟರಲ್ಲಿ ಊರಿನ ಕುಲುಮೆಗಳು ನೂರ್ಮಡಿಯಾದುವು. ಹಗಲಿನಲ್ಲಿಯೇ ದೀಪ ಹಚ್ಚಬೇಕಾಗುವಷ್ಟು ಹೊಗೆ ಕವಿಯತೊಡಗಿತು. ಆ ಹೊಗೆಯು ಮೃದುವಾದ ಕಲ್ಲನ್ನು ತಿಂದುಹಾಕಿತು. ಸುಂದರವಾದ ಗ್ರೀಕ್ ಕಂಬಗಳು ಕಪ್ಪಾಗಿ, ಹೆಪ್ಪಳಿಕೆ ಎದ್ದು ಉದುರಿದುವು. 1882ನೆಯ ಇಸವಿ ಮೇ 7ರಂದು ಬೆಂಕಿ ಬಿದ್ದು ಉಳಿದುದೂ ಹಾಳಾಯಿತು. ಅಥೆನ್ಸಿನ ನಿರ್ಮಲವಾದ ಬಿಸಿಲಿಗಾಗಿ ಹುಟ್ಟಿದ ರೂಪವನ್ನು ಇದ್ದಲಿನ ಹೊಗೆಯೊಳಗೆ ನೆಟ್ಟರೆ ಏನಾಗುವುದೆಂಬುದಕ್ಕೆ ಅದೊಂದು ದೃಷ್ಟಾಂತ. ಪರದೇಶದ ಕಾವ್ಯಮಾರ್ಗವನ್ನು ತನ್ನ ನೆಲದ ಹವೆಯನ್ನು ವಿಚಾರಿಸದೆ ಅನುಕರಿಸುವ ಕವಿಗೂ ಇದಕ್ಕಿಂತ ಬೇರೆಯಾದ ಗತಿಯಿಲ್ಲ.

1883ರಲ್ಲಿ ಕೌಂಟಿಯ ಅಧಿಕಾರಿಗಳು ಕೆಲವು ಸ್ಥಪತಿಗಳನ್ನು ಆಹ್ವಾನಿಸಿ ನಕ್ಷೆಗಳನ್ನು ಬೇಡಿದರು. ಅವರಲ್ಲಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ನನ ನಕ್ಷೆಯು ಒಪ್ಪಿಗೆಯಾಯಿತು. 1838ರಲ್ಲಿ ಲೂಯಿಸಿಯಾನಾ ಪ್ರಾಂತದಲ್ಲಿ ಹುಟ್ಟಿದ ಈತನು ಹಾರ್ವರ್ಡಿನಲ್ಲಿ ಓದಿ, ಪ್ಯಾರಿಸಿನ ಪ್ರಸಿದ್ಧವಾದ ಕಲಾಶಾಲೆಯಲ್ಲಿ ವಾಸ್ತುವಿದ್ಯೆಯನ್ನು ಕಲಿತವನು. ಅಮೆರಿಕನರಲ್ಲಿ ಅಲ್ಲಿಗೆ ಅದಕ್ಕಾಗಿ ಹೋದವರಲ್ಲಿ ಎರಡನೆಯವನೆಂದು ಹೇಳುವರು. ಬಾಸ್ಟನ್ ನಗರದಲ್ಲಿ 1877ರಲ್ಲಿ ಮುಗಿದ ಟ್ರಿನಿಟಿ ಇಗರ್ಜಿಯಿಂದ ಆತನ ಕೀರ್ತಿ ಹರಡಿತು. ಆತನಿಗೆ ಪ್ರಿಯವಾಗಿದ್ದುದು ದಕ್ಷಿಣ ಫ್ರಾನ್ಸ್, ಸ್ಪೇನ್ ದೇಶಗಳಲ್ಲಿ ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಬೆಳೆದ ರೋಮನೆಸ್ಕ್ ಶೈಲಿ. ದಪ್ಪಗೋಡೆ, ಅರ್ಧವೃತ್ತದ ಕಮಾನು, ಗಿಡ್ಡವಾದ ಬಲಿಷ್ಠ ಕಂಬ, ಇವು ಅದರ ಲಕ್ಷಣಗಳು. ಆದರೆ ಆತನು ಮಾಡಿದ್ದು ಬರಿಯ ಅನುಕರಣವಲ್ಲ. ಕನ್ನಡದ ಹಳೆಯ ಛಂದಸ್ಸೊಂದನ್ನು ಹಿಡಿದು ಹೊಸ ಕವಿಯು ತನ್ನ ಕಾಲದ ಮಾತನ್ನು ನುಡಿಸುವಂತೆ, ಆತನು ಆ ಹಳೆಯ ಕಮಾನಿನಿಂದ ತನ್ನ ದೇಶದ ಒರಟುತನವನ್ನೂ ಬಲವನ್ನೂ ನುಡಿಸಿದನು. ಆ ರೀತಿಗೆ ಜನರು ಆತನ ಹೆಸರನ್ನೇ ಇಟ್ಟುದು ಅನ್ಯಾಯವಲ್ಲ.

ಹೊಗೆಯ ಪಾಠವನ್ನು ಆತನು ಮರೆಯಲಿಲ್ಲ. ಗೋಡೆಗೆ ಆರಿಸಿಕೊಂಡುದು ಮಸಾಚುಸೆಟ್ಸ್ ಪ್ರಾಂತದ ಮಿಲ್ಫರ್ಡಿನ ಗ್ರಾನೈಟ್. ನಸುಗೆಂಪು ಛಾಯೆಯ ಕಠಿನಶಿಲೆ. ಅದನ್ನು ನುಣುಪು ಮಾಡದೆ ಗಣಿಯಿಂದ ಬಂದ ಒರಟುಮೈಯನ್ನು ಹಾಗೆಯೇ ಬಿಟ್ಟು ಮುಂಭಾಗವನ್ನೆಲ್ಲ ಕಟ್ಟಿಸಿದನು. ಮಸಿ ಹಿಡಿದರೆ ಹಾಳಾಗುವಂತಹ ನವುರಾದ ಕೆತ್ತನೆ ಅಲ್ಲಿ ಬಹು ಸ್ವಲ್ಪ. ಅಲಂಕಾರವಿರುವುದು ಕಲ್ಲಿನ ಜೋಡಣೆಯಲ್ಲಿ: ಕಮಾನಿನ ಸುತ್ತ ಕಿರಣಗಳಂತೆ ಹರಡಿದ ಉದ್ದನೆಯ ಬೆಣೆಗಲ್ಲುಗಳಲ್ಲಿ, ವರಸೆ ವರಸೆಗೂ ಬದಲಾಗುವ ಕಲ್ಲಿನ ಎತ್ತರದಲ್ಲಿ, ಆಳವಾದ ಕಿಟಕಿಗಳೊಳಗೆ ನಿಲ್ಲುವ ನೆರಳಿನಲ್ಲಿ. ಮುಂದೆ ಅರ್ಧಶತಮಾನದ ಕಾಲ ಆ ಗೋಡೆಯು ಮಸಿಯಿಂದ ಕರ್ರಗಾಯಿತು, ಆದರೆ ರೂಪಗೆಡಲಿಲ್ಲ. 1946ರಿಂದ ಹೊಗೆಯನ್ನು ತಡೆಯುವ ಶಾಸನವು ಆ ನಗರದಲ್ಲಿ ನಿಜವಾಗಿ ಜಾರಿಗೆ ಬಂದ ಮೇಲೆ ಕಲ್ಲಿನ ಬಣ್ಣವು ಮತ್ತೆ ಕಾಣುವ ಕಾಲ ಬಂದಿತು. ಕಪ್ಪಾಗಿಯೂ ಚೆನ್ನ, ಬೆಳ್ಳಗಾಗಿಯೂ ಚೆನ್ನ ಎನಿಸಿಕೊಳ್ಳುವ ಕಟ್ಟಡಗಳು ಲೋಕದಲ್ಲಿ ವಿರಳ.

ಮಂದಿರದ ವಿನ್ಯಾಸವು ಕನ್ನಡ ನಾಡಿನ ತೊಟ್ಟಿಮನೆಯನ್ನು ಕಂಡವರಿಗೆ ಕೂಡಲೆ ಹಿಡಿಯುವುದು. ನಡುವೆ ಆಕಾಶಕ್ಕೆ ತೆರೆದ ದೊಡ್ಡ ಅಂಗಳ. ಅದರ ನಾಲ್ಕು ಕಡೆಯೂ ಕಚೇರಿಗಳು, ನ್ಯಾಯಾಸನದ ಹಜಾರಗಳು. ಹೀಗೆ ಮಾಡಿದುದರಿಂದ ಪ್ರತಿಯೊಂದು ಕೊಠಡಿಗೂ ಬೀದಿಯ ಕಡೆಯಿಂದಲೋ ಅಂಗಳದ ಕಡೆಯಿಂದಲೋ ಬೆಳಕು ದೊರೆಯುವುದು. ವಿದ್ಯುದ್ದೀಪವು ಇನ್ನೂ ಎಳೆಯದಾಗಿದ್ದ ಆ ಕಾಲದಲ್ಲಿ ದಸ್ತೈವಜನ್ನು ಓದುವ ಗುಮಾಸ್ತನಿಗೆ ಇದು ಚಿಕ್ಕ ಉಪಕಾರವಲ್ಲ. ಗ್ರಾಂಟ್ ಬೀದಿಯ ಕಡೆಗೆ ಮುಖಮಾಡಿ ನಿಂತಿರುವ ಗೋಪುರವು ಸುಮಾರು 250 ಅಡಿ ಎತ್ತರ. ನೋಡುವವರು ಅದನ್ನು ಹೆಮ್ಮೆಯ ಗುರುತೆಂದಷ್ಟೇ ಭಾವಿಸುವರು. ಅದಕ್ಕೆ ಕೆಲಸವೂ ಉಂಟು. ಬೀದಿಯ ಮಟ್ಟದ ಹೊಗೆಗಾಳಿಯನ್ನು ಬಿಟ್ಟು, ಮೇಲಿನ ಶುದ್ಧವಾದ ಗಾಳಿಯನ್ನು ಗೋಪುರದ ನೆತ್ತಿಯಿಂದ ಸೆಳೆದು ಒಳಕೊಠಡಿಗಳಿಗೆ ಹಂಚುವ ಏರ್ಪಾಡನ್ನು ಸ್ಥಪತಿಯು ಮಾಡಿದ್ದನು. ಕೆಟ್ಟಗಾಳಿಯು ಹಿಂಭಾಗದ ಎರಡು ಕಿರಿಗೋಪುರಗಳ ಮೂಲಕ ಹೊರಹೋಗುತ್ತಿತ್ತು. ಗೋಪುರವು ಕಟ್ಟಡದ ಕಿರೀಟವೂ ಹೌದು, ಮೂಗೂ ಹೌದು. ಉಪಯೋಗವನ್ನೂ ಸೌಂದರ್ಯವನ್ನೂ ಒಂದೇ ಅವಯವದಲ್ಲಿ ಕೂಡಿಸುವುದು ಉತ್ತಮ ಶಿಲ್ಪಿಯ ಲಕ್ಷಣವೆಂದರೆ ತಪ್ಪಾಗಲಾರದು.

ಆದರೂ ವಿಮರ್ಶೆಯ ದೃಷ್ಟಿಗೆ ಗೋಪುರವು ಈ ಕೃತಿಯ ಉತ್ತಮಾಂಶವಲ್ಲ. ಅದರಲ್ಲಿ ಹಳೆಯ ಯೂರೋಪಿನ ನೆನಪುಗಳು ಹೆಚ್ಚು. ಮೂಲೆಗಳ ಗುಂಡುಗೋಪುರಗಳು, ಕಡಿದಾದ ಮಾಡು, ಇವು ಕಣ್ಣಿಗೆ ಹಬ್ಬವಾದರೂ ಅಲ್ಲಿ ಶಿಲ್ಪಿಯು ತನ್ನ ವಿದ್ವತ್ತನ್ನು ಮೆರೆಸಿರುವನು. ಈ ಮಂದಿರವನ್ನು ನೋಡಿ ಮಿನಿಯಾಪೊಲಿಸ್, ಟೊರಾಂಟೊ ಮೊದಲಾದ ನಗರಗಳವರು ತಮ್ಮ ಸಾರ್ವಜನಿಕ ಭವನಗಳನ್ನು ಕಟ್ಟಿಕೊಂಡಾಗ ಅವರ ಕಣ್ಣನ್ನು ಮೊದಲು ಸೆಳೆದುದು ಗೋಪುರವೇ. ಅನುಕರಿಸುವವರಿಗೆ ಸುಲಭವಾಗಿ ಕೈಗೆ ಸಿಕ್ಕುವುದು ಕವಿಯ ಉತ್ತಮ ಗುಣವಾಗಿರುವುದು ಅಪೂರ್ವ.

ಉತ್ತಮಾಂಶವಿರುವುದು ಒಳಗೆ. ಅಂಗಳದಲ್ಲಿ ನಿಂತು ಸುತ್ತ ನೋಡಿದರೆ ಹೊರಗಿನ ವೈಭವವೆಲ್ಲ ಕಳಚಿ, ಗೋಡೆ ಕಮಾನು ಕಿಟಕಿಗಳ ಸರಳವಾದ ಶ್ರೇಣಿಯೊಂದೇ ಉಳಿಯುವುದು. ಕೆಳಗೆ ಅಗಲವಾದ ಕಮಾನುಗಳು, ಮೇಲೆ ಮೇಲೆ ಹೋದಂತೆ ಕಿರಿದಾಗುತ್ತ ಸಂಖ್ಯೆಯಲ್ಲಿ ಹೆಚ್ಚುವ ತೆರಪುಗಳು. ಪದ್ಯದ ಗಣಗಳು ಹೆಜ್ಜೆಯಿಡುವಂತೆ ಅವು ಗೋಡೆಯ ಮೇಲೆ ಹೆಜ್ಜೆಯಿಡುವುವು. ಅಲ್ಲಿ ಒಂದು ಕಲ್ಲೂ ಮೆಚ್ಚುಗೆಯನ್ನು ಬೇಡುವುದಿಲ್ಲ. ಆ ಅಂಗಳವು ಬಹುಕಾಲ ಮೋಟಾರುಗಾಡಿಗಳನ್ನು ನಿಲ್ಲಿಸುವ ಕೊಟ್ಟಿಗೆಯಾಗಿದ್ದು, 1970ರ ದಶಕದಲ್ಲಿ ಕಾರಂಜಿಯುಳ್ಳ ಉದ್ಯಾನವಾಯಿತು. ಈಗ ವ್ಯಾಜ್ಯಗಾರರೂ ಗುಮಾಸ್ತರೂ ಮಧ್ಯಾಹ್ನ ಅಲ್ಲಿ ಕುಳಿತು ಬುತ್ತಿಯನ್ನು ಬಿಚ್ಚಬಹುದು. ಅಂಗಳದಷ್ಟೇ ಘನವಾದುದು ಒಳಗಿನ ಮಹಾಸೋಪಾನ. ಕಮಾನಿನ ಹಿಂದೆ ಕಮಾನು ಕಾಣುತ್ತ, ಅವುಗಳ ನಡುವೆ ಬೆಳಕು ಇಳಿಯುತ್ತ, ಹತ್ತುವವನ ಕಣ್ಣಿಗೆ ಹೆಜ್ಜೆ ಹೆಜ್ಜೆಗೂ ನೋಟವು ಬದಲಾಗುವುದು. ನ್ಯಾಯಾಧಿಪತಿಯ ಎದುರು ನಿಲ್ಲುವ ಮುನ್ನ ಮನುಷ್ಯನ ಉಸಿರು ಸಮಸ್ಥಿತಿಗೆ ಬರಲೆಂದೇ ಇಷ್ಟು ಅವಕಾಶವನ್ನು ಕೊಟ್ಟಂತೆ ತೋರುವುದು.

ಮಂದಿರದ ಬೆನ್ನಿಗೆ, ರಾಸ್ ಬೀದಿಯನ್ನು ದಾಟಿದರೆ, ಅದೇ ಶಿಲ್ಪಿಯು ಕಟ್ಟಿದ ಸೆರೆಮನೆ. ಅದು 1886ರಲ್ಲಿ ಮುಗಿಯಿತು. ನಡುವೆ ಎಂಟು ಮೂಲೆಯ ಗೋಪುರ, ಅದರಿಂದ ಹೊರಡುವ ಸೆರೆಕೋಣೆಗಳ ಸಾಲುಗಳು, ಇದೆಲ್ಲವನ್ನೂ ಬಳಸಿಕೊಂಡು ಒಂದು ಎತ್ತರವಾದ ಕಲ್ಲುಗೋಡೆ. ಈ ಗೋಡೆಯ ಬಣ್ಣನೆಯಲ್ಲಿ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಅದೇ ಅದರ ಮಹತ್ತ್ವ. ದೊಡ್ಡ ದೊಡ್ಡ ಬಂಡೆಗಳು, ಅವುಗಳ ನಡುವೆ ಒಂದು ಕಮಾನಿನ ಬಾಗಿಲು, ಮತ್ತೇನೂ ಇಲ್ಲ. ಸೆರೆಮನೆಯ ಗೋಡೆಯು ತಾನು ಸೆರೆಮನೆಯ ಗೋಡೆಯೆಂಬುದನ್ನು ಮರೆಮಾಚುವುದಿಲ್ಲ. ಭಯಂಕರವಾಗಿ ಕಾಣಬೇಕೆಂದು ಹಲ್ಲು ಕಿರಿಯುವುದೂ ಇಲ್ಲ. ರಿಚರ್ಡ್‌ಸನ್ನನು ಬೇರೆಲ್ಲಿಯೂ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೇಳಿಲ್ಲ. ಮುಂಭಾಗದ ಗೋಪುರವು ಆತನ ಪಾಂಡಿತ್ಯಕ್ಕೆ ಸಾಕ್ಷಿ. ಈ ಗೋಡೆಯು ಆತನ ಪ್ರತಿಭೆಗೆ ಸಾಕ್ಷಿ.

ಸೆರೆಮನೆಗೂ ನ್ಯಾಯಮಂದಿರಕ್ಕೂ ನಡುವೆ ಬೀದಿಯ ಮೇಲೆ ಒಂದು ಮುಚ್ಚಿದ ಕಲ್ಲುಸೇತುವೆ ಇರುವುದು. ವೆನಿಸ್ ನಗರದ ಪ್ರಸಿದ್ಧ ಸೇತುವೆಯ ಹೆಸರನ್ನು ಇದಕ್ಕೂ ಇಟ್ಟು "ನಿಟ್ಟುಸಿರಿನ ಸೇತುವೆ" ಎಂದು ಕರೆಯುವರು. ಕಮಾನಿನ ಕೆಲಸವು ಮನೋಹರವಾದುದು. ಹೆಸರಿನ ವಿಷಯದಲ್ಲಿ ಮಾತ್ರ ಆಕ್ಷೇಪಕ್ಕೆ ಎಡೆಯುಂಟು. ಪರರ ಸಂಕಟವು ಯಾತ್ರಿಕರ ಕುತೂಹಲಕ್ಕೆ ವಸ್ತುವಾದಾಗ ಇಂತಹ ಇಂಪಾದ ಹೆಸರುಗಳು ಹುಟ್ಟುವುವು. ಆ ಸೇತುವೆಯನ್ನು ದಾಟಿದವರಿಗೆ ಅದು ಕಾವ್ಯವಾಗಿರಲಿಲ್ಲ. 1892ರ ಜುಲೈ ತಿಂಗಳಿನಲ್ಲಿ ಸಮೀಪದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಗಾರರಿಗೂ ಒಡೆಯರು ಕರೆಸಿದ ಬಾಡಿಗೆಯ ಕಾವಲುಗಾರರಿಗೂ ನಡೆದ ಕಾದಾಟದಲ್ಲಿ ಎರಡು ಪಕ್ಷದವರೂ ಸತ್ತರು. ಕೂಲಿಗಾರರ ಮುಖ್ಯಸ್ಥರ ಮೇಲೆ ಕೊಲೆಯ ಆಪಾದನೆ ಬಂದಿತು. ಆ ತಿಂಗಳಿನಲ್ಲಿಯೇ ಅಲೆಗ್ಸಾಂಡರ್ ಬರ್ಕ್‌ಮನ್ ಎಂಬ ಯುವಕನು ಕಾರ್ಖಾನೆಯ ಮೇಲಾಳಾದ ಹೆನ್ರಿ ಕ್ಲೇ ಫ್ರಿಕ್ಕನನ್ನು ಕೊಲ್ಲಲು ಹೋಗಿ ಗಾಯಗೊಳಿಸಿ ಸೆರೆಸಿಕ್ಕಿದನು. ಸೆಪ್ಟೆಂಬರಿನಲ್ಲಿ ಬರ್ಕ್‌ಮನ್ನನ ವಿಚಾರಣೆಯು ಒಂದೇ ದಿನದಲ್ಲಿ ಮುಗಿದು ಆತನಿಗೆ 22 ವರ್ಷಗಳ ಶಿಕ್ಷೆಯಾಯಿತು. ಆದರೆ ಕೊಲೆಯ ಆಪಾದನೆಗೆ ಗುರಿಯಾಗಿ ವಿಚಾರಣೆಗೆ ನಿಂತ ಕೂಲಿಗಾರರ ಮುಖ್ಯಸ್ಥರನ್ನು ಜ್ಯೂರಿಯ ಪಂಚರು ನಿರ್ದೋಷಿಗಳೆಂದು ಬಿಟ್ಟರು. ಪಂಚರಾಗಿ ಕುಳಿತವರು ಆ ಕೌಂಟಿಯ ಸಾಮಾನ್ಯ ಜನರು. ಒಡೆಯರ ಕೈ ಮೇಲಾಗಿದ್ದ ಆ ಊರಿನಲ್ಲಿ, ಬಡವನು ಹೋಗಿ ನಿಲ್ಲಬಹುದಾದ ಎಡೆಯೊಂದು ಉಂಟೆಂಬುದನ್ನು ಆ ಕಟ್ಟಡವು ಆ ಒಂದು ಸಲವಾದರೂ ತೋರಿಸಿಕೊಟ್ಟಿತು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ನ್ಯಾಯಸ್ಥಾನವು ಕೋಟೆಯಂತಿರುವುದು ಲೇಸೆ? ಇಷ್ಟು ದಪ್ಪನೆಯ ಗೋಡೆ, ಇಷ್ಟು ಭಾರವಾದ ಕಲ್ಲು, ಇವನ್ನು ಕಂಡ ಬಡವನು ಹೆದರಲಾರನೆ? ಈ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಪ್ರಜೆಗಳನ್ನು ಕುಗ್ಗಿಸುವುದಕ್ಕಾಗಿಯೇ ಕಟ್ಟಿದ ಸರ್ಕಾರಿ ಭವನಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಇದಕ್ಕೆ ಸಮಾಧಾನವನ್ನು ರಿಚರ್ಡ್‌ಸನ್ನನೇ ಕೊಟ್ಟಿದ್ದನು. ಗೋಪುರದ ಬುಡದಲ್ಲಿ, ಗ್ರಾಂಟ್ ಬೀದಿಗೆ ಎದುರಾಗಿ, ಆತನು ಅಗಲವಾದ ಕಮಾನಿನ ಬಾಗಿಲುಗಳನ್ನು ತೆರೆದನು. ಅವು ಬೀದಿಯ ಮಟ್ಟಕ್ಕೆ ಸಮೀಪವಾಗಿದ್ದುವು. ಒಳಹೊಕ್ಕವನು ನೇರವಾಗಿ ಮಹಾಸೋಪಾನದ ಕಡೆಗೆ ಸಾಗುವನು. ಅಂಗಳದ ಬೆಳಕು ಆತನಿಗೆ ಎದುರಾಗುವುದು. ಗೋಡೆಯು ಎಷ್ಟು ಬಲವಾದುದೋ ಬಾಗಿಲು ಅಷ್ಟು ಉದಾರವಾದುದು. ಬಲವಂತರಿಂದ ನಿನ್ನನ್ನು ಕಾಯಬಲ್ಲೆನೆಂದು ಗೋಡೆಯು ಹೇಳಿದರೆ, ನೀನು ಒಳಗೆ ಬರಬಹುದೆಂದು ಬಾಗಿಲು ಹೇಳುತ್ತಿತ್ತು. ಈ ಎರಡು ಮಾತುಗಳಲ್ಲಿ ಒಂದನ್ನು ತೆಗೆದರೆ ಇನ್ನೊಂದರ ಅರ್ಥವು ತಲೆಕೆಳಗಾಗುವುದು. ಮುಂದೆ ಆದುದು ಅದೇ.

ಕಟ್ಟಡವು ಮುಗಿಯುವುದನ್ನು ಕಾಣುವ ಭಾಗ್ಯವು ಶಿಲ್ಪಿಗಿರಲಿಲ್ಲ. ಮೂತ್ರಪಿಂಡಗಳ ರೋಗದಿಂದ ನರಳುತ್ತಿದ್ದ ಆತನು 1886ನೆಯ ಏಪ್ರಿಲ್ 27ರಂದು, ತನ್ನ 47ನೆಯ ವಯಸ್ಸಿನಲ್ಲಿ ತೀರಿಕೊಂಡನು. ಪಿಟ್ಸ್‌ಬರ್ಗಿನ ಈ ಕೃತಿಯಿಂದಲೂ ಷಿಕಾಗೊ ನಗರದಲ್ಲಿ ತಾನು ಕಟ್ಟಿಸುತ್ತಿದ್ದ ಮಾರ್ಷಲ್ ಫೀಲ್ಡ್ ವರ್ತಕರ ಉಗ್ರಾಣದಿಂದಲೂ ತನ್ನ ಯೋಗ್ಯತೆಯನ್ನು ಅಳೆಯಬೇಕೆಂದು ಆತನು ಆಸೆಪಟ್ಟಿದ್ದನು. ಉಳಿದ ಕೆಲಸವನ್ನು ಆತನ ಶಿಷ್ಯರಾದ ಶೆಪ್ಲಿ, ರೂಟನ್, ಕೂಲಿಜ್ ಎಂಬವರು ಗುರುವಿನ ನಕ್ಷೆಯಂತೆ ನಡಸಿ, ಕೌಂಟಿಗೆ ನೂರು ವರ್ಷ ತುಂಬಿದ 1888ರಲ್ಲಿ ಮುಗಿಸಿದರು. ಷಿಕಾಗೊ ನಗರದ ಉಗ್ರಾಣವನ್ನು 1930ರಲ್ಲಿ ಕೆಡವಿಹಾಕಿದರು. ಆತನು ನೆಚ್ಚಿದ ಎರಡು ಸಾಕ್ಷಿಗಳಲ್ಲಿ ಉಳಿದುದು ಇದೊಂದೇ.

ಮಂದಿರಕ್ಕೆ ಬಂದ ಮೊದಲನೆಯ ಆಪತ್ತು ನೆರಳಿನ ರೂಪದಲ್ಲಿ ಬಂದಿತು. ಹೋಮ್‌ಸ್ಟೆಡ್ಡಿನಲ್ಲಿ ಹೆಸರು ಕೇಳಿಬಂದ ಆ ಫ್ರಿಕ್ಕನೇ 1902ರಲ್ಲಿ ಗ್ರಾಂಟ್ ಬೀದಿಯ ಎದುರು ಮಗ್ಗುಲಲ್ಲಿ, ಇಪ್ಪತ್ತು ಅಂತಸ್ತುಗಳ ಕಚೇರಿಕಟ್ಟಡವೊಂದನ್ನು ಎಬ್ಬಿಸಿದನು. ಊರಿನ ಮೇಲೆ ತಲೆಯೆತ್ತಿ ನಿಂತಿದ್ದ ನ್ಯಾಯದ ಗೋಪುರವು ಅಲ್ಲಿಂದ ಮುಂದೆ ವ್ಯಾಪಾರದ ಗೋಡೆಗೆ ಎದುರಾಗಿ ನಿಲ್ಲಬೇಕಾಯಿತು. ಇದಕ್ಕೆ ದುರುದ್ದೇಶವನ್ನು ಕಲ್ಪಿಸಬೇಕಾದುದಿಲ್ಲ. ಬೆಲೆಬಾಳುವ ನಿವೇಶನದಲ್ಲಿ ಎತ್ತರದ ಕಟ್ಟಡವನ್ನು ಕಟ್ಟುವುದು ಆ ಕಾಲದ ನೀತಿಯೇ ಆಗಿತ್ತು. ಆದರೂ ಹತ್ತು ವರ್ಷಗಳ ಅಂತರದಲ್ಲಿ ನಡೆದ ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಿದವನಿಗೆ, ಊರಿನಲ್ಲಿ ಯಾರ ಕೈ ಮೇಲಾಗುತ್ತಿದ್ದಿತೆಂಬುದು ಹೇಳದೆಯೆ ತಿಳಿಯುವುದು.

ಎರಡನೆಯ ಆಪತ್ತು ನೆಲದಿಂದ ಬಂದಿತು. ಗ್ರಾಂಟನ ಗುಡ್ಡವು ಬಂಡಿಗಳ ಓಡಾಟಕ್ಕೆ ಅಡ್ಡಿಯೆಂದು ನಗರದವರು ಅದನ್ನು 1836ರಲ್ಲಿಯೂ 1847ರಲ್ಲಿಯೂ ಸ್ವಲ್ಪಸ್ವಲ್ಪ ಕಡಿದಿದ್ದರು. 1912-13ರಲ್ಲಿ ಮತ್ತೆ ಕೈಹಾಕಿ, ಕೆಲವೆಡೆ 16 ಅಡಿಗಳಷ್ಟು ನೆಲವನ್ನು ಅಗೆದು ಬೀದಿಯನ್ನು ಇಳಿಸಿದರು. ಇಂತಹ ದಿನವೊಂದು ಬಂದೀತೆಂದು ರಿಚರ್ಡ್‌ಸನ್ನನು ಮುಂದಾಗಿಯೇ ಎಣಿಸಿದ್ದನು. ಮಣ್ಣಿನೊಳಗೆ ಅಡಗುವ ತಳಪಾಯದ ಮೇಲಣ ವರಸೆಗಳನ್ನೂ ಹೊರಗೆ ಕಾಣುವ ಗೋಡೆಯಂತೆಯೆ ಒಪ್ಪವಾಗಿ ಕಟ್ಟಿಸಿದ್ದನು. ಯಾರೂ ಕಾಣಲಾರದ ಕಲ್ಲಿಗೂ ಕಾಣುವ ಕಲ್ಲಿನ ಮರ್ಯಾದೆಯನ್ನು ಸಲ್ಲಿಸಿದ ಈ ನಿಷ್ಠೆಯು ಹಳೇಬೀಡಿನ ಶಿಲ್ಪಿಗಳನ್ನು ನೆನಪಿಗೆ ತರುವುದು. ಆದುದರಿಂದ ಮಣ್ಣು ಹೋದರೂ ಗೋಡೆಯು ಬತ್ತಲೆಯಾಗಲಿಲ್ಲ. ಆದರೆ ಬಾಗಿಲನ್ನು ಕೆಳಗಿಳಿಸುವ ಉಪಾಯವು ಯಾವ ಶಿಲ್ಪಿಯಲ್ಲಿಯೂ ಇಲ್ಲ. ಉದಾರವಾದ ಆ ಕಮಾನುಗಳು ಒಂದು ಅಂತಸ್ತಿನಷ್ಟು ಮೇಲೆ, ಅಂತರದಲ್ಲಿ ನಿಂತುವು.

ನಗರದವರು ಕೂಡಲೆ ಒಂದು ದೊಡ್ಡ ಸೋಪಾನಪಂಕ್ತಿಯನ್ನು ಕಟ್ಟಿ ಬೀದಿಗೂ ಬಾಗಿಲಿಗೂ ನಂಟನ್ನು ಉಳಿಸಿದರು. ಇದು ಮೂಲದ ಭಾವವನ್ನು ಬದಲಿಸಿದರೂ ಕೆಡಿಸಲಿಲ್ಲ. ಹತ್ತುವ ಶ್ರಮಕ್ಕೆ ತಕ್ಕ ಬಾಗಿಲು ಮೇಲೆ ಕಾದಿತ್ತು. ಆದರೆ ಮೋಟಾರುಗಾಡಿಗಳ ಕಾಲ ಬಂದಿತು. ಬೀದಿಯನ್ನು ಅಗಲಮಾಡಬೇಕಾಗಿ ಬಂದು, 1920ರ ದಶಕದ ಕೊನೆಯಲ್ಲಿ ಆ ಮೆಟ್ಟಲುಗಳನ್ನು ಕಿತ್ತುಹಾಕಿದರು. ನೆಲಮಾಳಿಗೆಯ ಗೋಡೆಯಲ್ಲಿ ಬಾಗಿಲುಗಳನ್ನು ತೆರೆದರು. ಅಂದಿನಿಂದ ಗ್ರಾಂಟ್ ಬೀದಿಯಿಂದ ನ್ಯಾಯವನ್ನು ಬೇಡಿ ಬರುವವನು ಹಿಂದೆ ನೆಲಮಾಳಿಗೆಯಾಗಿದ್ದ ತಗ್ಗಿನ ಓಣಿಗಳಿಗೆ ಕಾಲಿಡುವನು; ಅಲ್ಲಿಂದ ದಾರಿ ಹುಡುಕಿಕೊಂಡು ಮೇಲೇರಬೇಕು. ರಿಚರ್ಡ್‌ಸನ್ನನ ಬಾಗಿಲು ಇಂದಿಗೂ ಮೇಲೆ ಇರುವುದು. ಅದರ ಮುಂದೆ ಹೆಜ್ಜೆಯಿಡಲು ನೆಲವಿಲ್ಲ.

ಇದನ್ನು ಸಮರ್ಥಿಸುವವರೂ ಇರಬಹುದು. ಊರು ಬದುಕಬೇಕು, ಬೀದಿ ಅಗಲವಾಗಬೇಕು, ಕಟ್ಟಡದಲ್ಲಿ ಕಳೆದುದು ಕೆಲವು ಮೆಟ್ಟಲು ಮಾತ್ರವಲ್ಲವೆ ಎಂದು ಅವರು ಕೇಳುವರು. ಊರು ಬದುಕಬೇಕೆಂಬುದು ನಿಜ. ಆದರೆ ಕಳೆದುದು ಮೆಟ್ಟಲು ಮಾತ್ರವಲ್ಲ. ಗ್ರಂಥವೊಂದರ ಪೀಠಿಕಾಪದ್ಯಗಳನ್ನು ಹರಿದುಹಾಕಿ ಹತ್ತನೆಯ ಪುಟದಿಂದ ಓದಿಸಿದರೆ ಕಥೆಯು ತಿಳಿಯಬಹುದು. ಕವಿಯು ವಾಚಕನನ್ನು ಕೈಹಿಡಿದು ಕರೆದ ಆ ಕರೆಯು ಕೇಳಿಸುವುದಿಲ್ಲ. ಈ ಮಂದಿರದಲ್ಲಿ ಗೋಡೆಯ ಮಾತು ಹಾಗೆಯೆ ಉಳಿಯಿತು, ಬಾಗಿಲಿನ ಮಾತು ಅಡಗಿತು. ಬಾಗಿಲಿಲ್ಲದ ಕೋಟೆಯು ಯಾರನ್ನು ಕಾಯುವುದೆಂಬ ಸಂದೇಹವು ಬೀದಿಯಲ್ಲಿ ನಿಂತವನಿಗೆ ಬರುವುದು ಸಹಜ. ಹಿಂದಿನ ಪೂರ್ವಪಕ್ಷಕ್ಕೆ ಶಿಲ್ಪಿಯು ಕೊಟ್ಟಿದ್ದ ಸಮಾಧಾನವನ್ನು ಊರಿನವರೇ ಹೀಗೆ ಅಳಿಸಿಹಾಕಿದರು. ಅವರಲ್ಲಿ ದ್ವೇಷವಿರಲಿಲ್ಲ, ಅವಸರವಿದ್ದಿತು. ಕಟ್ಟಡಗಳನ್ನು ದ್ವೇಷಕ್ಕಿಂತ ಅವಸರವೇ ಹೆಚ್ಚಾಗಿ ಕೊಂದಿರುವುದು.

ಇಷ್ಟಾದರೂ ಮಂದಿರವು ಉಳಿದಿರುವುದನ್ನು ಮೆಚ್ಚಲೇಬೇಕು. 1976ರಲ್ಲಿ ಅದನ್ನೂ ಸೆರೆಮನೆಯನ್ನೂ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದರು. 1995ರಲ್ಲಿ ಬಂದಿಗಳನ್ನು ಹೊಸದಾಗಿ ಕಟ್ಟಿದ ಬೇರೆ ಸೆರೆಮನೆಗೆ ಸಾಗಿಸಿದ ಮೇಲೆ, ಹಳೆಯದನ್ನು ಕೆಡವದೆ, ಒಳಭಾಗವನ್ನು ಮಾರ್ಪಡಿಸಿ 2000ದಲ್ಲಿ ಕುಟುಂಬವ್ಯಾಜ್ಯಗಳ ನ್ಯಾಯಾಲಯವನ್ನಾಗಿ ಮಾಡಿದರು. ಗಂಡಹೆಂಡಿರ ವಿರಸ, ಮಕ್ಕಳ ಪೋಷಣೆ, ಇಂತಹ ಮನೆಯ ದುಃಖಗಳು ಈಗ ಆ ಬಂಡೆಗೋಡೆಯ ಒಳಗೆ ವಿಚಾರಣೆಯಾಗುವುವು. ಇದು ವಿನೋದವೋ ವಿಷಾದವೋ ಎಂಬುದನ್ನು ವಾಚಕರೇ ತೀರ್ಮಾನಿಸಬಹುದು. ಕಲ್ಲನ್ನು ಕಾಯುವುದರಲ್ಲಿ ಅಲ್ಲಿಯವರು ತೋರಿದ ಶ್ರದ್ಧೆಯು ದೊಡ್ಡದು. ಆದರೆ ಸ್ಮಾರಕರಕ್ಷಣೆಯ ಶಾಸನವು ಕಲ್ಲನ್ನು ಕಾಯಬಲ್ಲುದು. ಕಲ್ಲಿನ ಮುಂದಣ ನೆಲವನ್ನೂ, ಬೀದಿಯಿಂದ ಬಾಗಿಲಿಗೆ ಇರುವ ಸಂಬಂಧವನ್ನೂ ಕಾಯುವುದು ಬಹುಕಷ್ಟ.

ಕನ್ನಡ ನಾಡಿಗೂ ಈ ವಿಚಾರವು ದೂರವಾದುದಲ್ಲ. ಬೆಂಗಳೂರಿನ ಅಠಾರಾ ಕಚೇರಿಯು 1864ರಿಂದ 1868ರ ವರೆಗೆ, ಎಂದರೆ ಪಿಟ್ಸ್‌ಬರ್ಗಿನ ಮಂದಿರಕ್ಕಿಂತ ಇಪ್ಪತ್ತು ವರ್ಷ ಮುಂಚೆ ಕಟ್ಟಿದುದು. ಅದುವರೆಗೆ ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದ ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಹುಟ್ಟಿ, ಆ ಸಂಖ್ಯೆಯಿಂದಲೇ ಹೆಸರು ಪಡೆದ ಕಟ್ಟಡವದು. ನಡುವೆಯೂ ಎರಡು ತುದಿಗಳಲ್ಲಿಯೂ ಗ್ರೀಕ್ ಮಾದರಿಯ ಕಂಬಗಳ ಮುಖಮಂಟಪ, ಉದ್ದಕ್ಕೂ ಕೆಂಪು ಬಣ್ಣ. ಇಲಾಖೆಗಳು 1956ರಲ್ಲಿ ಎದುರಿನ ವಿಧಾನಸೌಧಕ್ಕೆ ಹೋದುವು. ಕೆಂಪು ಕಟ್ಟಡವು ಉಚ್ಚನ್ಯಾಯಾಲಯಕ್ಕೆ ಉಳಿಯಿತು. ಚಿಸ್ಲೆಟ್ಟನ ಗ್ರೀಕ್ ಕಂಬಗಳನ್ನು ಹೊಗೆ ತಿಂದಿತು. ಬೆಂಗಳೂರಿನ ಕಂಬಗಳನ್ನು ಹವೆ ಕಾಪಾಡಿತು. ಆದರೆ 1980ರ ದಶಕದಲ್ಲಿ ಸ್ಥಳ ಸಾಲದೆಂಬ ಕಾರಣದಿಂದ ಅದನ್ನು ಕೆಡವುವ ಮಾತು ಬಂದಾಗ ಕಾಪಾಡಿದವರು ಹವೆಯಲ್ಲ, ಅದಕ್ಕಾಗಿ ದನಿಯೆತ್ತಿದ ನಾಗರಿಕರು. ಅಲ್ಲಿ ಉಳಿದುದು ಬರಿಯ ಕಂಬಗಳಲ್ಲ. ಮರಗಳ ನಡುವೆ ತಗ್ಗಿ ನೀಳವಾಗಿ ಹರಡಿರುವ ಆ ಮುಖವನ್ನು ನೋಡುತ್ತ ಬರುವ ದಾರಿಯೂ ಉಳಿಯಿತು. ಹಳ್ಳಿಯಿಂದ ಬಂದ ರೈತನಿಗೆ ಆ ದಾರಿಯ ಬೆಲೆಯು ಕಂಬದ ಬೆಲೆಗಿಂತ ಕಡಿಮೆಯದಲ್ಲ. ಜಿಲ್ಲೆ ತಾಲ್ಲೂಕುಗಳಲ್ಲಿ ಹಳೆಯ ಕಚೇರಿಗಳನ್ನು ರಿಪೇರಿ ಮಾಡುವಾಗಲೂ, ಅವುಗಳ ಮುಂದಣ ರಸ್ತೆಯನ್ನು ಏರಿಸುವಾಗಲೂ ಇದನ್ನು ನೆನೆಯುವುದು ಒಳ್ಳೆಯದು. ಪಿಟ್ಸ್‌ಬರ್ಗಿನಲ್ಲಿ ರಸ್ತೆ ಇಳಿದು ಬಾಗಿಲು ಮೇಲಾಯಿತು; ಡಾಮರಿನ ಮೇಲೆ ಡಾಮರು ಬಿದ್ದು ರಸ್ತೆ ಏರಿದರೆ ಬಾಗಿಲು ಹಳ್ಳಕ್ಕೆ ಬೀಳುವುದು. ಎರಡರ ಫಲವೂ ಒಂದೇ.

ಒಟ್ಟಿನಲ್ಲಿ ಅಲೆಗೆನಿ ಕೌಂಟಿಯ ನ್ಯಾಯಮಂದಿರವು ಮಹಾಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಅದರ ಗೋಪುರವನ್ನು ಮೆಚ್ಚಬಹುದು, ಅಂಗಳವನ್ನು ಪ್ರೀತಿಸಬಹುದು, ಸೆರೆಮನೆಯ ಗೋಡೆಯ ಮುಂದೆ ಮೌನವಾಗಿ ನಿಲ್ಲಬಹುದು. ಆದರೆ ಈಗ ಅದು ಪೂರ್ಣಕೃತಿಯಲ್ಲ. ಮಣ್ಣಿನಡಿಯ ಕಲ್ಲನ್ನೂ ಒಪ್ಪವಾಗಿ ಇಡಿಸಿದ ಶಿಲ್ಪಿಗೆ, ಬಾಗಿಲಿನ ಮುಂದಣ ನೆಲವನ್ನು ಮುಂದಿನವರ ಕೈಯಲ್ಲಿ ಬಿಟ್ಟುಹೋಗದೆ ಗತಿಯಿರಲಿಲ್ಲ. ಕಟ್ಟಡವನ್ನು ಕಟ್ಟುವವನು ಒಬ್ಬನಾದರೂ ಅದನ್ನು ಮುಗಿಸುವವರು ತಲೆಮಾರು ತಲೆಮಾರಿಗೂ ಅದರ ಮುಂದೆ ನಡೆದಾಡುವ ಜನರು. ಅವರು ಮೆಟ್ಟಲನ್ನು ಉಳಿಸಿಕೊಂಡರೆ ಹತ್ತುವವನಿಗೆ ಬಾಗಿಲು ದೊರೆಯುವುದು. ಪಿಟ್ಸ್‌ಬರ್ಗಿನಲ್ಲಿ ನ್ಯಾಯವು ಮೊದಲಿನಂತೆಯೇ ಮೇಲಿನ ಅಂತಸ್ತಿನಲ್ಲಿ ಕುಳಿತಿರುವುದು; ಅದನ್ನು ಅರಸಿ ಬಂದವನು ಮಾತ್ರ ನೆಲಮಾಳಿಗೆಯಿಂದ ಹೊಗಬೇಕಾಗಿದೆ.